ಅರವತ್ತಕ್ಕೆ ಅರಳುಮರಳು ಅಂದವರು ಯಾರು?



'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನಾವು ಈ ಸಲ ಕಟಕಟೆಗೆ ಹತ್ತಿಸಬೇಕೆಂದಿದ್ದೇವೆ. ಈ ಗಾದೆ ಕಟ್ಟಿದವನು ಯಾರೋ ನಮಗೆ ಗೊತ್ತಿಲ್ಲ. ಆದರೆ ಅವನು ಮೂವತ್ತು ವರುಷ ಕಾಫಿ ತೋಟದಲ್ಲಿ ಮರಗಸಿ ಮಾಡಿದವನಂತೂ ಅಲ್ಲ. ಮಾಡಿದ್ದರೆ 'ಅರವತ್ತಕ್ಕೆ ಸೊಂಟ ಮೊಣಕಾಲು' ಎಂದಿರುತ್ತಿದ್ದ. ನಮ್ಮವರಿಗೆ ಮೊದಲು ಹೋಗುವುದು ಬುದ್ಧಿಯಲ್ಲ, ಮಂಡಿ. ಬುದ್ಧಿ ಎಷ್ಟು ನೆಟ್ಟಗಿರುತ್ತದೆ ಎಂದರೆ, ಯಾವ ವರುಷ ಯಾವ ಮೇಸ್ತ್ರಿ ಎಷ್ಟು ಹಾಜರಿ ನುಂಗಿದ ಎಂಬುದನ್ನು ಅಜ್ಜಿ ಇವತ್ತಿಗೂ ಬೆರಳು ಮಡಿಸಿ ಹೇಳುತ್ತಾಳೆ.

ಈ ಗಾದೆಯನ್ನು ಯಾರು ಹೆಚ್ಚಾಗಿ ಹೇಳುತ್ತಾರೆಂದು ಗಮನಿಸಿ ನೋಡಿ. ಅಪ್ಪನ ಪಾಸ್‌ಬುಕ್ಕು ತನ್ನ ಟ್ರಂಕಿನಲ್ಲಿರಲಿ ಎನ್ನುವ ಮಗ ಹೇಳುತ್ತಾನೆ. ಹೆಸರು ಹೊಡೆದುಹಾಕಿ ಲೆಕ್ಕ ಮುಗಿಸಬೇಕೆನ್ನುವ ರೈಟರು ಹೇಳುತ್ತಾನೆ. 'ಮುದುಕನಿಗೆ ಏನು ತಿಳಿಯುತ್ತದೆ' ಎನ್ನುವವನಿಗೆ ಮುದುಕನ ಮಾತು ಬೇಡ, ಹೆಬ್ಬೆಟ್ಟು ಮಾತ್ರ ಬೇಕು. ಆದ್ದರಿಂದ ಇದು ಗಾದೆಯಲ್ಲ, ದಸ್ತಾವೇಜು. ಮುದುಕರ ಆಸ್ತಿಯನ್ನು ಬೇರೆಯವರ ಹೆಸರಿಗೆ ಬರೆಯುವ ದಸ್ತಾವೇಜು.

ಅದಿರಲಿ, ಅರವತ್ತು ಎನ್ನುವುದಾದರೂ ಯಾವಾಗ ಬರುತ್ತದೆ? ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯವರಿಗೆ ಈ ಪ್ರಶ್ನೆಯೇ ಒಂದು ನಗೆಪಾಟಲು. ಡಿ. ಹಿರೇಹಾಳ್ ಕಡೆಯ ಅಜ್ಜ ಬರ ಬಿದ್ದ ವರುಷದಿಂದ ತನ್ನ ವಯಸ್ಸು ಎಣಿಸುತ್ತಾನೆ. ಅನಂತಪುರದಂಥ ಮಳೆಗೆಟ್ಟ ಸೀಮೆಯಲ್ಲಿ ಬರ ಬೀಳದ ವರುಷ ಯಾವುದು ಹೇಳಿ? ಶಾಲೆಯ ಮೇಷ್ಟ್ರು ಬರೆದದ್ದು ಒಂದು ವಯಸ್ಸು, ಎಸ್ಟೇಟಿನ ಚೆಕ್‌ರೋಲಿನಲ್ಲಿ ಬಿದ್ದದ್ದು ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮೂಡಿದ್ದು ಮೂರನೆಯದು. ಆಧಾರ್ ಕಾರ್ಡು ನೋಡಿದರಂತೂ ಇಡೀ ಲೈನ್ ಮನೆಯ ಹಿರಿಯರೆಲ್ಲ ಜನವರಿ 1ರಂದೇ ಹುಟ್ಟಿದ್ದಾರೆ! ಕ್ರಿಸ್ತ ಜಯಂತಿ ಮುಗಿದು ಒಂದು ವಾರಕ್ಕೆ ಸರಿಯಾಗಿ ನಮ್ಮ ಅಜ್ಜ ಅಜ್ಜಿಯರೆಲ್ಲ ಒಟ್ಟಿಗೆ ಭೂಮಿಗೆ ಇಳಿದುಬಂದ ಹಾಗೆ ಕಾಣುತ್ತದೆ. ನಕ್ಕುಬಿಡಬಹುದು. ಆದರೆ ಮೂರು ಕಾಗದದಲ್ಲಿ ಮೂರು ತಾರೀಖು ಇದ್ದರೆ ಪ್ರಾವಿಡೆಂಟ್ ಫಂಡಿನ ರೊಕ್ಕ ಮೂರು ವರುಷ ನಿಲ್ಲುತ್ತದೆ, ಆಗ ನಗು ಬರುವುದಿಲ್ಲ.

ವಯಸ್ಸಿನ ಮಾತು ಹೀಗಾದರೆ ಊರಿನ ಮಾತು ಇನ್ನೂ ಚೆಂದ. ರಾಯದುರ್ಗದಲ್ಲಿ 1940ರಲ್ಲಿ ಹುಟ್ಟಿದ ಅಜ್ಜ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯವನು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ತಾಲ್ಲೂಕು ಹೊಸ ಆಂಧ್ರ ರಾಜ್ಯಕ್ಕೆ, ಅನಂತಪುರ ಜಿಲ್ಲೆಗೆ ಬಂತು. 1956ರಲ್ಲಿ ಆಂಧ್ರ ಪ್ರದೇಶವಾಯಿತು. ಮಡಕಶಿರಾದವರು 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರು. ಅಬ್ರಹಾಮನು ಎಪ್ಪತ್ತೈದನೆಯ ವಯಸ್ಸಿನಲ್ಲಿ ಖಾರಾನ್ ಊರು ಬಿಟ್ಟು ಗಂಟುಮೂಟೆ ಹೊತ್ತು ದೇಶಾಂತರ ಹೋದನು. ನಮ್ಮ ಅಜ್ಜಂದಿರು ಕಟ್ಟೆ ಬಿಟ್ಟು ಏಳದೆಯೇ ರಾಜ್ಯಾಂತರ ಜಿಲ್ಲಾಂತರ ಹೋಗಿಬಂದರು. ಅವರ ಬಾಯಲ್ಲಿ ಮಾತ್ರ ಕನ್ನಡ ಉಳಿಯಿತು. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆ ಹೋಗಿ ನೋಡಿ, ಪ್ರಾರ್ಥನೆ, ಬೈಗುಳ ಎರಡೂ ಕನ್ನಡದಲ್ಲೇ.

ಮಳೆ ಕೈಕೊಟ್ಟು ಶೇಂಗಾ ಒಣಗಿದಾಗ ಈ ಸೀಮೆಯಿಂದ ಬೆಂಗಳೂರಿಗೆ ಹೋದವರು ಬಹಳ. ರಾಯದುರ್ಗದಲ್ಲೇ ಜೀನ್ಸ್ ಬಟ್ಟೆ ಹೊಲಿಯುತ್ತ ಉಳಿದವರೂ ಉಂಟು. ನಮ್ಮಂಥ ಕೆಲವು ಕುಟುಂಬ ಘಟ್ಟ ಹತ್ತಿ ಕಾಫಿ ತೋಟ ಸೇರಿದವು. ಎಲ್ಲಿಗೆ ಹೋದರೂ ಮಾತು ಒಂದೇ: ಕೈ ಆಡುವವರೆಗೆ ಹಾಜರಿ, ಕೈ ನಿಂತ ದಿನ ಊರಿನ ಬಸ್ಸು. ದೊಡ್ಡ ಕೆಲಸದವರು ನಿವೃತ್ತರಾದರೆ ಹಾರ, ಶಾಲು, ಭಾಷಣ. ಅವರು ನಲವತ್ತು ವರುಷ ಕುಳಿತು ಮಾಡಿದ ಕೆಲಸವನ್ನು ಎದ್ದು ನಿಂತು ಹೊಗಳುತ್ತಾರೆ. ನಲವತ್ತು ವರುಷ ಬಗ್ಗಿ ನಿಂತವರಿಗೆ ಒಂದು ಕುರ್ಚಿಯನ್ನೂ ಹಾಕುವುದಿಲ್ಲ.

ಇದನ್ನು ದೇವರ ಚಿತ್ತ ಎನ್ನುವವರಿದ್ದಾರೆ. ದೇವರ ಚಿತ್ತ ಏನೆಂಬುದು ಸತ್ಯವೇದದಲ್ಲೇ ಇದೆ, ತೆಗೆದು ನೋಡೋಣ. ಕನ್ನಡದಲ್ಲಿ ಸತ್ಯವೇದ ಓದುವ ಭಾಗ್ಯ ಬಂದದ್ದು ನಮ್ಮ ಸೀಮೆಯಿಂದಲೇ ಅಲ್ಲವೇ? 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕೈ ಹಾಕಿದ ಕೆಲಸ ಅದು, 1831ರ ಹೊತ್ತಿಗೆ ಪೂರ್ಣ ವೇದ ಕೈಗೆ ಬಂತು. ಅಷ್ಟು ಕಷ್ಟಪಟ್ಟು ಕೊಟ್ಟ ಪುಸ್ತಕವನ್ನು ನಾವು ಬೇಕಾದ ಕಡೆ ಮಾತ್ರ ತೆರೆಯುತ್ತೇವೆ.

ಅರಣ್ಯಕಾಂಡದ ಎಂಟನೆಯ ಅಧ್ಯಾಯದ ಕೊನೆಯಲ್ಲಿ ಲೇವಿಯರ ಕೆಲಸದ ಕಟ್ಟಳೆ ಇದೆ. ಇಪ್ಪತ್ತೈದನೆಯ ವಯಸ್ಸಿಗೆ ದೇವದರ್ಶನದ ಗುಡಾರದ ಸೇವೆಗೆ ಸೇರಬೇಕು, ಐವತ್ತಕ್ಕೆ ಬಿಡಬೇಕು. ಬಿಟ್ಟ ಮೇಲೆ ಸಹೋದರರಿಗೆ ಒತ್ತಾಸೆಯಾಗಿರಬಹುದು, ಭಾರದ ಕೆಲಸ ಮಾಡಬಾರದು. ಇದನ್ನು ಯಾವ ಸಂಘದವರೂ ಹರತಾಳ ಮಾಡಿ ಗೆದ್ದದ್ದಲ್ಲ. ಯೆಹೋವನೇ ಮೋಶೆಗೆ ಹೇಳಿದ್ದು. ಗುಡಾರದ ಹಲಗೆ, ಕಂಬ, ಪರದೆ ಹೊರುವುದು ಹಮಾಲಿ ಕೆಲಸ. ಆ ಬೆನ್ನಿನ ನೋವು ಪರಲೋಕಕ್ಕೆ ತಿಳಿದಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯದ ಪಿಂಚಣಿ ಕಾಯಿದೆ ತಂದಾಗ ವಯಸ್ಸು ಎಪ್ಪತ್ತು ಎಂದು ಇಟ್ಟ. ಅಷ್ಟರವರೆಗೆ ಬದುಕಿದವರೆಷ್ಟು ಮಂದಿ? ಮೋಶೆಯ ಕಾನೂನು ಅವನಿಗಿಂತ ಇಪ್ಪತ್ತು ವರುಷ ಉದಾರ, ಮೂರು ಸಾವಿರ ವರುಷ ಮುಂಚಿನದು.

ಯಾಜಕಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಇನ್ನೊಂದು ಮಜಾ ಇದೆ. ಹರಕೆ ಹೊತ್ತವರಿಗೆ ಬೆಲೆ ಕಟ್ಟುವ ಪಟ್ಟಿ ಅದು. ಇಪ್ಪತ್ತರಿಂದ ಅರವತ್ತರವರೆಗಿನ ಗಂಡಸಿಗೆ 50 ಶೆಕೆಲ್ ಬೆಳ್ಳಿ, ಹೆಂಗಸಿಗೆ 30. ಅರವತ್ತು ದಾಟಿದರೆ ಗಂಡಸಿಗೆ 15, ಹೆಂಗಸಿಗೆ 10. ಅಕ್ಕಂದಿರೇ, ಲೆಕ್ಕ ಹಾಕಿ ನೋಡಿ. ನಿಮ್ಮ ಬೆಲೆ ಮೂರರಲ್ಲಿ ಒಂದು ಪಾಲು ಉಳಿಯಿತು, ನಿಮ್ಮ ಯಜಮಾನರದು ಅಷ್ಟೂ ಉಳಿಯಲಿಲ್ಲ. ಮುದುಕನಾದ ಮೇಲೆ ಹೆಚ್ಚು ಸವಕಲಾಗುವವನು ಗಂಡಸೇ ಎಂದು ಮೋಶೆಗೂ ಗೊತ್ತಿತ್ತು! ಆದರೆ ಮುಖ್ಯ ಮಾತು ಬೇರೆ. ಅರವತ್ತು ದಾಟಿದವರ ಮುಂದೆ ಆ ಪಟ್ಟಿಯಲ್ಲಿ ಸೊನ್ನೆ ಬರೆದಿಲ್ಲ. ಸೊನ್ನೆ ಬರೆದವರು ನಾವು.

ಹಾಗಾದರೆ ನಿವೃತ್ತನಿಗೆ ಸಲ್ಲಬೇಕಾದದ್ದು ಏನು? ಇಲ್ಲಿ ನಮ್ಮ ಜನ ಒಂದು ಪದವನ್ನು ಬಾಯಿಂದ ಉಗುಳಬೇಕು. ಆ ಪದ 'ಧರ್ಮ'. 'ದೊರೆ ಧರ್ಮಕ್ಕೆ ಏನೋ ಕೊಟ್ಟರು' ಎನ್ನುತ್ತೀರಿ. ಗ್ರಾಚುಯಿಟಿ ಧರ್ಮವಲ್ಲ, ಸಾಲ. ದೊರೆ ನಿಮಗೆ ಇಟ್ಟುಕೊಂಡ ಸಾಲ. 1972ರ ಗ್ರಾಚುಯಿಟಿ ಕಾಯಿದೆಯಲ್ಲಿ ತೋಟಗಳ ಹೆಸರನ್ನು ಸ್ಪಷ್ಟವಾಗಿ ಬರೆದಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು, ಆದರೂ ಮೂಲ ಲೆಕ್ಕ ಅದೇ ಇದೆ: ಐದು ವರುಷ ಬಿಡದೆ ದುಡಿದವರಿಗೆ ವರುಷಕ್ಕೆ 15 ದಿನದ ಕೂಲಿ. ದಿನಗೂಲಿ 400 ರೂಪಾಯಿ ಎಂದು ಇಟ್ಟುಕೊಳ್ಳಿ. 15 ದಿನಕ್ಕೆ 6,000. 30 ವರುಷಕ್ಕೆ 1,80,000 ರೂಪಾಯಿ. ಬಾಕಿಯಾದ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ದುಡಿಯುತ್ತಿರುವಾಗಲೇ ತೀರಿಕೊಂಡರೆ ಐದು ವರುಷದ ಕಟ್ಟೂ ಇಲ್ಲ, ಮನೆಯವರಿಗೆ ಸಲ್ಲುತ್ತದೆ. ಇಷ್ಟು ರೊಕ್ಕ ಬಿಟ್ಟು, ಒಂದು ಕಂಬಳಿ, ಒಂದು ಪಂಚೆ ಕೊಟ್ಟದ್ದಕ್ಕೆ ಕೈ ಮುಗಿದು ಬಂದವರು ನಮ್ಮಲ್ಲಿ ಎಷ್ಟು ಮಂದಿ! ಆ ಕಂಬಳಿಯಷ್ಟು ದುಬಾರಿ ಕಂಬಳಿ ಪ್ರಪಂಚದಲ್ಲಿ ಎಲ್ಲೂ ನೇಯ್ದಿಲ್ಲ.

ಕೂಲಿ ಹಿಡಿದಿಟ್ಟ ಧಣಿಗಳ ಹೊಲದಲ್ಲಿ ಆ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಬೀಳುತ್ತದೆ ಎಂಬ ಅರ್ಥದ ಮಾತನ್ನು ಯಾಕೋಬನು ತನ್ನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕೂಲಿ ಅಲ್ಲಿ ಕೂಗುತ್ತಿರುವಾಗ ಕೂಲಿಯವನು ಇಲ್ಲಿ ಸುಮ್ಮನಿದ್ದರೆ ಏನು ಚೆಂದ?

'ನಮ್ಮ ಹೆಸರು ಜೀವಬಾಧ್ಯರ ಪುಸ್ತಕದಲ್ಲಿದೆ, ಸಾಕು' ಎಂದು ಸಮಾಧಾನ ಹೇಳುವ ಪ್ರಸಂಗಗಳನ್ನು ನಾವು ಕೇಳಿದ್ದೇವೆ. ಸಂತೋಷ. ಆ ಪುಸ್ತಕ ಬರೆಯುವವನು ನಂಬಿಗಸ್ತನು, ಹಾಜರಿ ತಪ್ಪಿಸುವುದಿಲ್ಲ. ನಮ್ಮ ಚಿಂತೆ ಚೆಕ್‌ರೋಲಿನದು. ಗುತ್ತಿಗೆಯ ಗುಂಪಿನಲ್ಲಿ ಬಂದವರ ಹೆಸರು ಅದರಲ್ಲಿ ಬೀಳುವುದೇ ಇಲ್ಲ. ಬಿದ್ದರೂ ವರುಷಕ್ಕೆ 240 ದಿನ ತುಂಬುವ ಮುಂಚೆ ಒಂದು ಗೆರೆ ಎಳೆದು, ಮುಂದಿನ ತಿಂಗಳು ಹೊಸಬರ ಹಾಗೆ ಸೇರಿಸಿಕೊಳ್ಳುತ್ತಾರೆ. ಇಪ್ಪತ್ತು ವರುಷ ಅದೇ ತೋಟದಲ್ಲಿ ಗಿಡ ಸಾಕಿದವಳು ಕಾಗದದಲ್ಲಿ ಇಪ್ಪತ್ತು ಸಲ ಹೊಸಬಳು. ಮೇಲಿನ ಪುಸ್ತಕದಲ್ಲಿ ಹೆಸರಿರುವವರಿಗೆ ಕೆಳಗಿನ ಪುಸ್ತಕ ಕೇಳುವ ಧೈರ್ಯ ಇರಬೇಕು.

ಇನ್ನು ಪಿಂಚಣಿಯ ಮಾತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರುಷ ಸೇವೆ ಆದವರಿಗೆ 58ನೆಯ ವಯಸ್ಸಿನಿಂದ ತಿಂಗಳ ಪಿಂಚಣಿ ಬರುತ್ತದೆ. ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ಗೊತ್ತುಮಾಡಿದರು. ಆಂಧ್ರದ ವೃದ್ಧಾಪ್ಯ ಪಿಂಚಣಿ 2024ರ ಜುಲೈಯಿಂದ 4,000 ರೂಪಾಯಿ ಆಯಿತು. ಕೊಡುವುದನ್ನು ನಾವು ಬೇಡವೆನ್ನುವುದಿಲ್ಲ, ಕೊಟ್ಟ ಕೈ ತಣ್ಣಗಿರಲಿ. ಆದರೆ ಜೀವಮಾನವಿಡೀ ದುಡಿದು ಫಂಡು ಕಟ್ಟಿದವರ ಕನಿಷ್ಠ ಪಾಲು ಹತ್ತು ವರುಷವಾದರೂ 1,000ದಲ್ಲೇ ಕುಂತಿತು ಎಂಬುದನ್ನು ಯಾರು ಕೇಳಬೇಕು? ಆ ಹತ್ತು ವರುಷದಲ್ಲಿ ಎಣ್ಣೆ, ಬೇಳೆ, ಬಸ್ ಚಾರ್ಜು ನಿವೃತ್ತಿ ಹೊಂದಿದವೇ?

ಅದೂ ಸುಮ್ಮನೆ ಬರುವುದಿಲ್ಲ. ವರುಷಕ್ಕೊಮ್ಮೆ 'ನಾನು ಬದುಕಿದ್ದೇನೆ' ಎಂದು ರುಜುವಾತು ಕೊಡಬೇಕು. ಲಾಜರನು ಸಮಾಧಿಯಿಂದ ಎದ್ದು ಬಂದಾಗಲೂ ಅವನ ಹೆಬ್ಬೆಟ್ಟು ಯಾರೂ ಕೇಳಲಿಲ್ಲ. ನಮ್ಮ ಅಜ್ಜಿಯ ಬೆರಳಿನ ಗೆರೆಗಳೋ, ಕಳೆ ಕೀಳುತ್ತ ಹಣ್ಣು ಬಿಡಿಸುತ್ತ ಸವೆದುಹೋಗಿವೆ. ಯಂತ್ರ ಗುರುತು ಹಿಡಿಯುವುದಿಲ್ಲ. ದುಡಿದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಆ ಬೆರಳನ್ನು ನೋಡಿದ ಕೂಡಲೇ ಪಿಂಚಣಿ ಕೊಡಬೇಕಾದ ಯಂತ್ರ, ಅದೇ ಬೆರಳನ್ನು ನೋಡಿ ಇಲ್ಲವೆನ್ನುತ್ತದೆ. ಮುಖ ತೋರಿಸಿ ಪ್ರಮಾಣ ಮಾಡುವ ದಾರಿಯೂ ಈಗ ಇದೆ, ಅಂಚೆಯವರ ಮೂಲಕ ಮನೆಯಲ್ಲೇ ಮಾಡಿಸುವ ದಾರಿಯೂ ಇದೆ ಎಂಬುದು ಓದುಬರಹದ ಮೊಮ್ಮಕ್ಕಳಿಗೆ ಗೊತ್ತು. ಮೊಬೈಲಿನಲ್ಲಿ ಬೆರಳು ಸವೆಸುವವರು ಅಜ್ಜಿಗಾಗಿ ಒಂದು ಗಳಿಗೆ ಸವೆಸಲಿ.

ದೊರೆಗಳನ್ನೂ ಸರಕಾರವನ್ನೂ ಬೈದು ಆಯಿತು. ಈಗ ನಮ್ಮ ಸಭೆಯೊಳಕ್ಕೆ ಬರೋಣ.

'ಅಪ್ಪ ಅಮ್ಮನ್ನ ದೇವರು ನೋಡಿಕೊಳ್ಳುತ್ತಾನೆ' ಎನ್ನುವ ಭಕ್ತ ಮಕ್ಕಳು ನಮ್ಮಲ್ಲಿದ್ದಾರೆ. ಗುಡಿಗೆ ಮೈಕು ಕೊಡಿಸುತ್ತಾರೆ, ಕನ್ವೆನ್ಷನ್ನಿಗೆ ಶಾಮಿಯಾನ ಕೊಡಿಸುತ್ತಾರೆ, ಹಲಗೆಯ ಮೇಲೆ ಹೆಸರು ಬರೆಸುತ್ತಾರೆ. ಅತ್ತ ಅಮ್ಮನ ಕನ್ನಡಕಕ್ಕೆ ಒಂದು ಕಾಲಿಲ್ಲ, ದಾರ ಕಟ್ಟಿಕೊಂಡಿದ್ದಾಳೆ. ಇಂಥವರನ್ನು ಯೇಸುಸ್ವಾಮಿ ಆಗಲೇ ಕಂಡಿದ್ದನು. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್, ದೇವರಿಗೆ ಇಟ್ಟದ್ದು' ಎಂದು ಹೇಳಿ ಕೈ ತೊಳೆದುಕೊಂಡವರನ್ನು ಆತನು ಕಪಟಿಗಳೆಂದು ಕರೆದದ್ದು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ತಾಯಿಯ ಔಷಧದ ದುಡ್ಡಿನಿಂದ ಬಂದ ಮೈಕಿನಲ್ಲಿ ಎಷ್ಟು ಗಟ್ಟಿಯಾಗಿ ಹಾಡಿದರೂ ಪರಲೋಕಕ್ಕೆ ಕೇಳಿಸುವುದು ತಾಯಿಯ ಕೆಮ್ಮು. ಪಾಸ್ಟರುಗಳೂ ಆ ಕಾಣಿಕೆ ತೆಗೆದುಕೊಳ್ಳುವ ಮುಂಚೆ 'ಅಮ್ಮ ಊಟ ಮಾಡಿದರೇ' ಎಂದು ಒಂದು ಮಾತು ಕೇಳಲಿ. ದೇವರ ಆಜ್ಞೆ ಸಾಲದವರಿಗೆ 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ ಇದೆ. ಅದರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಐದನೆಯ ಆಜ್ಞೆಯನ್ನು ಪಾಲಿಸುವುದಕ್ಕೆ ಕಂದಾಯದ ಅಧಿಕಾರಿ ಹೇಳಬೇಕಾಗಿ ಬಂದರೆ ಅದು ಕ್ರೈಸ್ತ ಮನೆಗೆ ಮಾನವಲ್ಲ.

ದೇವಾಲಯ ಬಿಡದೆ ಉಪವಾಸ ಪ್ರಾರ್ಥನೆಯಲ್ಲಿದ್ದ ಎಂಭತ್ತನಾಲ್ಕು ವರುಷದ ವಿಧವೆಯ ಹೆಸರು ಅನ್ನಳು. ಹೆಸರಿನಲ್ಲೇ ಅನ್ನವಿದ್ದೂ ಉಪವಾಸವಿದ್ದಳು, ಅದು ಅವಳ ಭಕ್ತಿ. ನಮ್ಮ ಎಷ್ಟೋ ಅಜ್ಜಿಯರೂ ಉಪವಾಸವಿರುತ್ತಾರೆ. ಅದು ಭಕ್ತಿಯಲ್ಲ, ನಮ್ಮ ಅಪರಾಧ.

ಆದಿಸಭೆಯಲ್ಲಿ ಇದಕ್ಕೆ ಏನು ಮಾಡಿದರು? ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಗಡಿಸೀಮೆಯ ನಾವು ಬಾಯಿಪಾಠ ಮಾಡಬೇಕು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಬಿಟ್ಟುಬಿಟ್ಟರೆಂದು ಗುಣುಗುಟ್ಟು ಎದ್ದಿತು. ಭಾಷೆ ಬೇರೆಯಾದ ಮುದುಕಿಯರ ಪಾತ್ರೆ ಖಾಲಿ ಉಳಿದಿತ್ತು. ತೆಲುಗು ಅರ್ಜಿ ಓದಲಾರದೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಕನ್ನಡದ ಅಜ್ಜಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಪೊಸ್ತಲರು 'ಸಹಿಸಿಕೊಳ್ಳಿ, ಪರಲೋಕದಲ್ಲಿ ಊಟ ಉಂಟು' ಎನ್ನಲಿಲ್ಲ. ಏಳು ಮಂದಿಯನ್ನು ಆರಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಭಾಷೆ ಬಲ್ಲವರ ಕೈಗೇ ಸೌಟು ಕೊಟ್ಟರು.

ಕೊನೆಯದಾಗಿ ನಮ್ಮ ಹಿರಿಯರಿಗೂ ಒಂದು ಮಾತು, ಕೋಪ ಮಾಡಿಕೊಳ್ಳಬಾರದು. ತೋಟದವರು ನಿಮ್ಮನ್ನು ಬೇಗ ಬಿಡಿಸಿದರು ಎಂದು ಗೋಳಾಡುವ ನೀವೇ, ಸಭೆಯ ಖಜಾಂಚಿ ಕೀಲಿಯನ್ನು ಇಪ್ಪತ್ತೈದು ವರುಷದಿಂದ ಉಡಿದಾರಕ್ಕೆ ಕಟ್ಟಿಕೊಂಡಿದ್ದೀರಿ. ಕಾಲೇಬನು ಎಂಭತ್ತೈದಕ್ಕೆ ಬೆಟ್ಟ ಕೇಳಿದನು ನಿಜ. ಅವನು ಕೇಳಿದ್ದು ಬೆಟ್ಟ, ಕಾರ್ಯದರ್ಶಿಯ ಕುರ್ಚಿಯಲ್ಲ. ಗಿಲ್ಯಾದಿನ ಬರ್ಜಿಲ್ಲೈಯನ್ನು ನೋಡಿ. ದಾವೀದ ಅರಸನು ಅರಮನೆಯ ಊಟಕ್ಕೆ ಕರೆದಾಗ, ಎಂಭತ್ತು ವರುಷದವನಿಗೆ ರುಚಿಯೂ ತಿಳಿಯದು, ಹಾಡೂ ಕೇಳಿಸದು ಎಂದು ತಾನೇ ಹೇಳಿ, ಕಿಮ್ಹಾಮನೆಂಬ ಎಳೆಯನನ್ನು ಮುಂದೆ ಕಳಿಸಿದನು. ರುಚಿ ತಿಳಿಯದ್ದು ನಾಲಗೆಯ ದೋಷವೆಂದು ಒಪ್ಪಿದನು. ಸೊಸೆ ಸಾರಿಗೆ ಉಪ್ಪು ಹಾಕಲಿಲ್ಲ ಎಂದು ದೂರಲಿಲ್ಲ. ಲೇವಿಯನು ಐವತ್ತಕ್ಕೆ ಹೊರೆ ಇಳಿಸಿ ಪಕ್ಕದಲ್ಲಿ ನಿಂತು ದಾರಿ ಹೇಳಿದ ಹಾಗೆ, ನೀವೂ ಕೀಲಿ ಕೊಟ್ಟು ಬುದ್ಧಿ ಹೇಳಿ. ಕೀಲಿ ಇಟ್ಟುಕೊಂಡು ಬುದ್ಧಿ ಹೇಳಿದರೆ ಎಳೆಯರಿಗೆ ಕೀಲಿ ಮಾತ್ರ ಕಾಣುತ್ತದೆ.

ಬರೀ ಮಾತು ಸಾಲದು. ನಮ್ಮ ಕೂಟದ ಪ್ರತಿ ಲೈನಿನಲ್ಲೂ ಈ ಕೆಲಸ ಆಗಬೇಕೆಂದು ಕೇಳುತ್ತೇವೆ. ಐವತ್ತು ದಾಟಿದ ಪ್ರತಿಯೊಬ್ಬರ ಕಾಗದ ಈಗಲೇ ತೆಗೆದು ನೋಡಿ: ಎಲ್ಲ ಕಡೆ ಹುಟ್ಟಿದ ತಾರೀಖು ಒಂದೇ ಇದೆಯೇ, ಫಂಡಿನ ನಂಬರು ಗೊತ್ತೇ, ನಾಮಿನಿ ಬರೆಸಿದೆಯೇ, ಸೇರಿದ ವರುಷಕ್ಕೆ ದಾಖಲೆ ಇದೆಯೇ, ಬ್ಯಾಂಕಿನ ಪುಸ್ತಕ ಅವರ ಕೈಯಲ್ಲೇ ಇದೆಯೇ. ಬಿಡುವ ದಿನ ಬಂದ ಮೇಲೆ ಹುಡುಕಿದರೆ ಸಿಗುವುದು ಕಂಬಳಿ ಮಾತ್ರ. ಊರಿನ ಸಭೆಗಳಲ್ಲಿ ಕನ್ನಡ ತೆಲುಗು ಎರಡೂ ಬಲ್ಲ ಏಳು ಮಂದಿಯನ್ನು ಆರಿಸಿ. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರ ಅರ್ಜಿ ಬರೆಯುವುದಕ್ಕೆ ಅವರು ಕೂರಲಿ. ಅದೂ ಆರಾಧನೆಯೇ. ಮತ್ತು ಯಾರೇ ತೋಟದ ಕೆಲಸ ಬಿಟ್ಟರೂ ಸಭೆಯಲ್ಲಿ ಎದ್ದು ನಿಲ್ಲಿಸಿ ಹೆಸರು ಕರೆದು ಸ್ತೋತ್ರ ಹೇಳಿ. ಶಾಲು ಇಲ್ಲದಿದ್ದರೂ ಚಿಂತೆಯಿಲ್ಲ, ಅವರಿಗೆ ಕುರ್ಚಿ ಹಾಕಿ.

ಅರವತ್ತಾದವರೇ, ಇನ್ನು ಮೇಲೆ ಯಾರಾದರೂ 'ಅರಳುಮರಳು' ಎಂದರೆ ನಿಮ್ಮ ಜವಾಬು ಇಷ್ಟೇ ಇರಲಿ: 'ಇರಬಹುದಪ್ಪಾ. ಆದರೆ ವರುಷಕ್ಕೆ ಹದಿನೈದು ದಿನದ ಲೆಕ್ಕ ಮಾತ್ರ ಮರೆತಿಲ್ಲ. ಯಾವತ್ತು ಕೊಡುತ್ತೀ?'